ಪ್ರತಿಕ್ರಿಯೆ: ಟೂರ್ ಡೌನ್ ಅಂಡರ್‌ನಲ್ಲಿ ಸ್ಪ್ರಿಂಟರ್‌ಗಳಿಗೆ ಚಾನ್ಸ್ ಇದೆಯಾ?

ಸ್ಪ್ರಿಂಟರ್ ಒಬ್ಬ, ಅಂದರೆ ಫಿನಿಶ್ ಹತ್ತಿರ ಭಾರೀ ವೇಗದಲ್ಲಿ ನುಗ್ಗುವ ಸೈಕ್ಲಿಸ್ಟ್, ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹಲವು ದಿನ ನಡೆಯುವ ಈ ಜನವರಿ ಸೈಕಲ್ ರೇಸನ್ನು ಒಟ್ಟಾರೆ ಗೆಲ್ಲಬಹುದಾ ಅಂತ ಕೇಳಿದ್ದೀರಿ. ಹಿಂದೆ ಗೆದ್ದಿದ್ದಾರೆ. ಆಂಡ್ರೆ ಗ್ರೈಪೆಲ್ 2008 ಮತ್ತು 2010ರಲ್ಲಿ ಗೆದ್ದರು, ಅವರು ಇಲ್ಲಿ ಗೆದ್ದ ಹಂತಗಳೇ (ಒಂದೊಂದು ದಿನದ ರೇಸ್) ಒಟ್ಟು 18, ಎಂಥಾ ಸೈಕ್ಲಿಸ್ಟ್ ಅಲ್ವಾ! ಆಗ ಹಂತ ಗೆದ್ದಾಗ ಸಿಗುವ, ಒಟ್ಟು ಸಮಯದಿಂದ ಕಳೆಯುವ ಬೋನಸ್ ಸೆಕೆಂಡುಗಳನ್ನು ಕೂಡಿಸಿಕೊಂಡೇ ಮುಂದೆ ಉಳಿಯಬಹುದಿತ್ತು. 2012ರಲ್ಲಿ ವಿಲಂಗಾ ಗುಡ್ಡದ ತುದಿಗೆ ಫಿನಿಶ್ ತಂದರು ನೋಡಿ, ಅಲ್ಲಿಗೆ ಲೆಕ್ಕ ಬದಲಾಯಿತು. ಏರು ಬರೀ 3 ಕಿಲೋಮೀಟರ್, ಆದರೆ ಭಾರೀ ಮೈಕಟ್ಟಿನ ಸ್ಪ್ರಿಂಟರ್ ಕೂಡಿಸಿಟ್ಟ ಸೆಕೆಂಡುಗಳೆಲ್ಲ ಅಲ್ಲೇ ಕರಗಿಹೋಗುತ್ತವೆ. ರಿಚೀ ಪೋರ್ಟ್ 2014ರಿಂದ 2019ರವರೆಗೆ ಸತತ ಆರು ವರ್ಷ ಆ ಗುಡ್ಡದ ಹಂತ ಗೆದ್ದರು. ಗುಡ್ಡ ಹತ್ತಬಲ್ಲ ಡ್ಯಾರಿಲ್ ಇಂಪಿಯಂಥ ವೇಗಿಗೆ ದಾರಿ ಇದೆ, ಅವರು 2018, 2019 ಎರಡೂ ವರ್ಷ ಒಟ್ಟಾರೆ ರೇಸ್ ಗೆದ್ದರು. ಅಪ್ಪಟ ಸ್ಪ್ರಿಂಟರ್ ಮೇಲೆ ಆಸೆ ಇಟ್ಟಿದ್ದರೆ ಸಮತಟ್ಟಾದ ಹಂತಗಳನ್ನು ತಪ್ಪದೆ ನೋಡಿ.