ಯಾವ ಕಾಲು, ಸ್ವಾಮಿ?

ನಮಸ್ಕಾರ.

ನಿಮ್ಮ ಕಥೆ ಬಂದು ಮೂರು ವಾರವಾಯಿತು. ಪ್ರಕಟಿಸುತ್ತಿಲ್ಲ. ಸಾಮಾನ್ಯವಾಗಿ ಇಷ್ಟು ತಿಳಿಸಿ ಮುಂದಿನ ಲಕೋಟೆ ಒಡೆಯುತ್ತೇನೆ. ನಿಮ್ಮದು ಹಾಗೆ ಬಿಡಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. ಅದರ ಸಿಟ್ಟೂ ಈ ಪತ್ರದಲ್ಲಿದೆ ಅಂದುಕೊಳ್ಳಿ.

ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪು ಒಂದೂ ಇಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಬಾಡಿಗೆ ಮನೆ ಹಿಡಿದ ನೀವು, ಪಕ್ಕದ ಬೀದಿಯ ಮೊದಲ ಮಹಾಯುದ್ಧದ ಸ್ಮಾರಕದ ಮೇಲಿನ ಒಂದು ಹೆಸರಿನ ಬೆನ್ನು ಹತ್ತಿ, ಸರ್ಕಾರಿ ದಾಖಲೆ ಇಡುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆ ಸೈನಿಕನ ಫೈಲು ಹುಡುಕಿ ತೆಗೆದಿದ್ದೀರಿ. ಆ ದೇಶದ ಎಷ್ಟೋ ಸ್ಮಾರಕಗಳ ಮೇಲೆ ಸತ್ತವರದ್ದಷ್ಟೇ ಅಲ್ಲ, ಹೋಗಿ ಬದುಕಿ ಬಂದವರ ಹೆಸರೂ ಇರುತ್ತದೆ. ನೀವು ಬದುಕಿ ಬಂದವನನ್ನು ಆರಿಸಿಕೊಂಡಿರಿ. ಅದು ಒಳ್ಳೆಯದಾಯಿತು. ಹೊಗಳಿಕೆ ಇಷ್ಟು ಸಾಕು.

ಈಗ ಮೊದಲ ಸಾಲು. ‘ಬೆಳದಿಂಗಳು ಹಾಲು ಚೆಲ್ಲಿದ ಆ ಇರುಳಿನಲ್ಲಿ ಕಂದಕದಿಂದ ಮೇಲೆದ್ದ ಆ ವೀರನನ್ನು ಕಂಡು ಚಂದ್ರನೂ ಕಂಬನಿ ಮಿಡಿದ.’ ಚಂದ್ರನಿಗೆ ಏನು ಕೆಲಸ ಅಲ್ಲಿ? ಫ್ರಾನ್ಸಿನ ಫ್ರೊಮೆಲ್‌ನಲ್ಲಿ ಆಸ್ಟ್ರೇಲಿಯಾದ ಐದನೇ ಡಿವಿಷನ್ ಕಂದಕ ಬಿಟ್ಟು ಮೇಲೆದ್ದದ್ದು 1916ರ ಜುಲೈ 19ರ ಸಂಜೆ ಆರಕ್ಕೆ. ಆ ಕಡೆಯ ಬೇಸಿಗೆಯಲ್ಲಿ ಸಂಜೆ ಆರು ಅಂದರೆ ಇನ್ನೂ ನಿಗಿನಿಗಿ ಬಿಸಿಲು. ಎದುರಿನ ದಿಬ್ಬದ ಮೇಲಿದ್ದ ಜರ್ಮನ್ನರಿಗೆ ಇವರೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿ ಥರ ಕಾಣುತ್ತಿದ್ದರು. ಬೆಳಗಾಗುವಷ್ಟರಲ್ಲಿ ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು ಸೇರಿ 5,533 ಜನ. ಹಾಡುಹಗಲಲ್ಲಿ ಬಯಲಿಗೆ ಇಳಿಸಿದರಲ್ಲ, ಅದೇ ಆ ದಿನದ ಭಯಂಕರ ಸಂಗತಿ. ನೀವು ಬೆಳದಿಂಗಳು ಸುರಿದು ಅದನ್ನು ಮುಚ್ಚಿಬಿಟ್ಟಿರಿ.

ಎರಡನೇ ಪುಟದಲ್ಲಿ ‘ನೀಲಿ ಕಣ್ಣಿನ ಜರ್ಮನ್ ಗುರಿಕಾರ’ ಬರುತ್ತಾನೆ. ಅವನಿಗೆ ಮೂರು ಪ್ಯಾರಾ. ಎಲ್ಲಿಂದ ಬಂದ ಇವನು? ಫೈಲಿನಲ್ಲಿ ‘ಜಿ.ಎಸ್.ಡಬ್ಲ್ಯೂ., ಲೆಫ್ಟ್ ಥೈ’ ಅಂತಿದೆ, ಅಂದರೆ ‘ಗನ್‌ಶಾಟ್ ವೂಂಡ್, ಎಡ ತೊಡೆ’. ನೀವು ಅದನ್ನು ‘ಗುಂಡೇಟು’ ಅಂದುಕೊಂಡಿರಿ. ಅಕ್ಷರಕ್ಕೆ ಅರ್ಥ ಅದೇ. ಆದರೆ ಆ ಕಾಲದ ಗುಮಾಸ್ತರು ಷೆಲ್ ಚೂರು ಹೊಕ್ಕರೂ, ಷೆಲ್ಲಿನೊಳಗಿಂದ ಚದುರುವ ಷ್ರಾಪ್ನೆಲ್ ಗುಂಡು ತಾಗಿದರೂ ಅದನ್ನೇ ಬರೆಯುತ್ತಿದ್ದರು. ಮೈಲಿ ದೂರದ ಫಿರಂಗಿಯಿಂದ ಹಾರಿದ ಕಬ್ಬಿಣದ ಚೂರಿಗೆ ನೀಲಿ ಕಣ್ಣು ಇರುವುದಿಲ್ಲ. ಯಾರು ಹೊಡೆದರು ಅಂತ ಅವನಿಗೆ ಸಾಯುವವರೆಗೂ ಗೊತ್ತಾಗಿರಲಿಕ್ಕಿಲ್ಲ.

ಪೆಟ್ಟು ತಿಂದು ಬಿದ್ದವನ ಬಾಯಲ್ಲಿ ನೀವು ಹಾಕಿದ ಮಾತು: ‘ನನ್ನ ನೆತ್ತರಿನ ಪ್ರತಿ ಹನಿಯೂ ತಾಯ್ನಾಡಿಗೆ ಅರ್ಪಣೆ!’ ಯಾವ ತಾಯ್ನಾಡು? ಆಗ ಆಸ್ಟ್ರೇಲಿಯಾದವರೆಷ್ಟೋ ಜನ ಇಂಗ್ಲೆಂಡನ್ನೇ ‘ಹೋಮ್’ ಅನ್ನುತ್ತಿದ್ದರು. ದಿನಕ್ಕೆ ಆರು ಶಿಲಿಂಗ್ ಸಂಬಳ ಅಂತ ಸೇರಿದವರಿದ್ದರು. ಸ್ನೇಹಿತ ಹೊರಟ ಅಂತ ಹೊರಟವರಿದ್ದರು. ಅದು ಹೋಗಲಿ, ಆ ಬಯಲಲ್ಲಿ ಬಿದ್ದವನೊಬ್ಬ ಕೂಗಿದ್ದು ಏನು ಅನ್ನೋದು ದಾಖಲೆಯಾಗಿದೆ. ಸೈಮನ್ ಫ್ರೇಸರ್ ಅಂತ ಒಬ್ಬ ಸಾರ್ಜೆಂಟ್, ನಿಮ್ಮ ವಿಕ್ಟೋರಿಯಾ ರಾಜ್ಯದ ರೈತ. ಕದನ ಮುಗಿದ ಮೇಲೂ ಗಾಯಾಳುಗಳನ್ನು ಹೊತ್ತು ತರುತ್ತಿದ್ದ. ಒಬ್ಬನನ್ನು ಎತ್ತಲಾಗದೆ ಹಳೇ ಕಂದಕದಲ್ಲಿ ಮಲಗಿಸಿ, ಸ್ಟ್ರೆಚರ್ ತರಲು ಹೊರಟಿದ್ದಾನೆ. ಅಷ್ಟರಲ್ಲಿ ಮೂವತ್ತು ಗಜ ಆಚೆಯಿಂದ ಇನ್ನೊಬ್ಬ ಕೂಗಿದನಂತೆ: ‘ಡೋಂಟ್ ಫರ್ಗೆಟ್ ಮಿ, ಕಾಬರ್.’ ನಮ್ಮ ಮಾತಲ್ಲಿ, ‘ನನ್ನ ಮರೀಬೇಡ ಕಣೋ.’

ಅಷ್ಟೇ. ಫ್ರೇಸರ್ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಇಬ್ಬರನ್ನೂ ತಂದ. ಮರುವರ್ಷ ಫ್ರಾನ್ಸಿನದೇ ಬುಲ್ಲೆಕೂರ್ ಕದನದಲ್ಲಿ ತಾನೇ ಸತ್ತ. ಅವನು ಒಬ್ಬ ಗಾಯಾಳುವನ್ನು ಹೊತ್ತಿರುವ ಪ್ರತಿಮೆ ಫ್ರೊಮೆಲ್‌ನಲ್ಲಿದೆ. ಅದರ ಇನ್ನೊಂದು ಎರಕ ನಿಮ್ಮ ಊರಲ್ಲೇ, ಶ್ರೈನ್ ಅನ್ನುವ ದೊಡ್ಡ ಯುದ್ಧ ಸ್ಮಾರಕದ ಹತ್ತಿರದ ಉದ್ಯಾನದಲ್ಲಿದೆ. ಭಾನುವಾರ ಟ್ರಾಮ್ ಹತ್ತಿ ಹೋಗಿ ನೋಡಬಹುದಿತ್ತು, ಅಲ್ವಾ?

ಮುಂದಿನ ಸಾಲಿಗೆ ಬರುತ್ತೇನೆ. ‘ಕಣ್ಣು ಬಿಟ್ಟಾಗ ಅವನು ಲಂಡನ್ನಿನ ಆಸ್ಪತ್ರೆಯಲ್ಲಿದ್ದ.’ ಸಿನಿಮಾದಲ್ಲಿ ಸರಿ. ಫೈಲಿನಲ್ಲಿ ಈ ಎರಡು ಜಾಗಗಳ ನಡುವೆ ಆರು ದಿನ ಇದೆ. ಸ್ಟ್ರೆಚರ್ ಹೊರುವವರು, ಮೊದಲ ಪಟ್ಟಿ ಕಟ್ಟುವ ಗುಂಡಿ, ಗಾಡಿ, ಗುಡಾರದ ಆಸ್ಪತ್ರೆ, ಗಾಯಾಳುಗಳ ರೈಲು, ಬುಲೋನ್ ಬಂದರು, ಅಲ್ಲಿಂದ ಹಡಗು, ಆಮೇಲೆ ಲಂಡನ್ನಿನ ವಾಂಡ್ಸ್‌ವರ್ತ್ ಆಸ್ಪತ್ರೆ. ಇವನ ತೊಡೆ ಮೂಳೆ ಮುರಿದಿತ್ತು. ಯುದ್ಧದ ಮೊದಲ ವರ್ಷಗಳಲ್ಲಿ ತೊಡೆ ಮುರಿದವರಲ್ಲಿ ಬಹಳ ಮಂದಿ ದಾರಿಯ ಕುಲುಕಾಟಕ್ಕೇ ಸಾಯುತ್ತಿದ್ದರು. ಒಂದೊಂದು ಕಲ್ಲು ಗಾಡಿ ಗಾಲಿಗೆ ಸಿಕ್ಕಾಗಲೂ ಮುರಿದ ಮೂಳೆ ಒಳಗಿನ ಮಾಂಸ ಹರಿಯುತ್ತಿತ್ತು. ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ. ಕೀವು ತಡೆಯಲು ಗಾಯದೊಳಗೆ ರಬ್ಬರ್ ಕೊಳವೆ ಇಟ್ಟು, ಎರಡೆರಡು ಗಂಟೆಗೊಮ್ಮೆ ಔಷಧಿ ನೀರು ಹಾಯಿಸುವ ಪದ್ಧತಿ ಆಗ ಬಂದಿತ್ತು. ಈ ಆರು ದಿನ ಅವನು ಬದುಕಿದ್ದೇ ಕಥೆ. ನೀವು ಅವನನ್ನು ಎಚ್ಚರ ತಪ್ಪಿಸಿ ಮಲಗಿಸಿದಿರಿ, ನಿಮಗೆ ಸುಲಭವಾಯಿತು.

ನನ್ನನ್ನು ನಿಜವಾಗಿ ಕೆರಳಿಸಿದ್ದು ಹನ್ನೊಂದನೇ ಪುಟ. ‘ಹಡಗಿಳಿದವನೇ ಅಮ್ಮನ ಕಡೆ ಓಡಿದ.’ ಓಡಿದನೇ? ಫೈಲಿನ ಮೆಡಿಕಲ್ ಬೋರ್ಡ್ ಹಾಳೆಯಲ್ಲಿ ಎಡಗಾಲು ಒಂದೂಕಾಲು ಇಂಚು ಗಿಡ್ಡ ಅಂತ ಬರೆದಿದೆ. ನಿಮ್ಮ ಹದಿಮೂರು ಪುಟದಲ್ಲಿ ಯಾವ ಕಾಲು ಅಂತ ಒಂದು ಕಡೆಯೂ ಇಲ್ಲ.

ಈ ಸಿಟ್ಟಿನ ಮೂಲ ಹಳೆಯದು. ಇಪ್ಪತ್ತಮೂರನೇ ವಯಸ್ಸಿಗೆ ಒಂದು ವಾರಪತ್ರಿಕೆಗೆ ಸೇರಿದೆ. ನಮ್ಮ ಚಿಕ್ಕಪ್ಪ ಮರದ ಮಿಲ್ಲಿನಲ್ಲಿದ್ದರು, ಗರಗಸಕ್ಕೆ ಬೆರಳು ಕೊಟ್ಟಿದ್ದರು. ಅದನ್ನೇ ಬರೆದೆ. ‘ಯಂತ್ರರಾಕ್ಷಸನ ಹಸಿವಿಗೆ ಚಿಕ್ಕಪ್ಪನ ಬೆರಳು ಬಲಿಯಾಯಿತು’ ಅನ್ನೋ ಸಾಲಿಗೆ ನಾನೇ ಹಿಗ್ಗಿದ್ದೆ. ಸಂಪಾದಕರು ಓದಿ ಕೇಳಿದರು, ‘ಯಾವ ಬೆರಳಯ್ಯ?’

‘ಹೆಬ್ಬೆರಳು ಸಾರ್.’

‘ಯಾವ ಕೈದು?’

ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಅವರ ಜೊತೆ ಉಂಡಿದ್ದೆ. ಅವತ್ತು ರಾತ್ರಿ ಬಸ್ಸಿಗೇ ಊರಿಗೆ ಹೋದೆ. ಎಡಗೈದು. ಚಿಕ್ಕಮ್ಮ ಅಕ್ಕಿ ಆರಿಸುತ್ತಾ ಹೇಳಿದರು: ‘ಸಾಲದ ಕಾಗದಕ್ಕೆ ಎಡಗೈ ಹೆಬ್ಬೆಟ್ಟೇ ಒತ್ತಬೇಕಂತೆ. ಇವರು ಕೈ ಎತ್ತಿ ತೋರಿಸ್ಬೇಕು. ಗುಮಾಸ್ತ ಬದಲಾದಾಗೆಲ್ಲ ಕಥೆ ಮೊದಲಿಂದ ಹೇಳ್ಬೇಕು. ಅದಕ್ಕೇ ಸೊಸೈಟಿಗೆ ಹೋಗೋದೇ ಬಿಟ್ಟರು.’ ಆ ವರ್ಷ ಗೊಬ್ಬರದ ಸಾಲ ಸಿಗದೆ ಗದ್ದೆ ಬೀಳುಬಿಟ್ಟದ್ದು ಯಾಕೆ ಅಂತ ನನಗೆ ಆಗ ತಿಳಿಯಿತು. ರಾಕ್ಷಸನನ್ನು ಅಲ್ಲೇ ಹೊಡೆದು ಹಾಕಿದೆ.

ನಿಮ್ಮ ಕೊನೆಯ ಸಾಲು: ‘ಮುಂದೆ ಸುಖವಾಗಿ ಬಾಳಿ 1957ರಲ್ಲಿ ಕಣ್ಮುಚ್ಚಿದ.’ ಮನೆಗೆ ಬಂದ ಮೇಲಿನ ನಲವತ್ತು ವರ್ಷ ಒಂದೇ ಸಾಲಿನಲ್ಲಿ ಮುಗಿಯಿತು! ಆದರೆ ನೀವೇ ಕಳಿಸಿದ ಜೆರಾಕ್ಸಿನ ತಳದಲ್ಲಿ, 1932ರಲ್ಲಿ ಅವನು ಕೈಯಾರೆ ಬರೆದ ಪತ್ರವೊಂದಿದೆ. ಓದಿದಿರಾ? ಸೇನೆಯಿಂದ ಬಿಡುಗಡೆಯಾದ ಡಿಸ್ಚಾರ್ಜ್ ಕಾಗದ ಕಳೆದುಹೋಗಿದೆ, ಇನ್ನೊಂದು ಪ್ರತಿ ಕೊಡಿ ಅಂತ ಕೇಳಿದ್ದಾನೆ. ಅದು ಆರ್ಥಿಕ ಮಹಾ ಕುಸಿತದ ಕಾಲ. ಆ ದೇಶದಲ್ಲಿ ಮೂವರು ಕೆಲಸಗಾರರಲ್ಲಿ ಹೆಚ್ಚುಕಡಿಮೆ ಒಬ್ಬನಿಗೆ ಕೆಲಸವಿಲ್ಲ. ಯುದ್ಧಕ್ಕೆ ಹೋಗಿ ಬಂದವರಿಗೆ ಕೆಲವು ಕೆಲಸಗಳಲ್ಲಿ ಮೊದಲ ಅವಕಾಶ ಇತ್ತು, ಆದರೆ ಹೋಗಿದ್ದೆ ಅನ್ನಲು ಕಾಗದ ಬೇಕು. ಆ ಪತ್ರದಲ್ಲಿ ಗಾಯದ ಬಗ್ಗೆ ಒಂದಕ್ಷರ ಇಲ್ಲ. ವಿಳಾಸ ನೋಡಿ: ಒಂದು ಅಂಚೆ ಕಚೇರಿಯ ಕೇರಾಫ್. ಮನೆಯದ್ದಲ್ಲ. ಕೆಲಸ ಹುಡುಕಿಕೊಂಡು ಊರೂರು ಅಲೆಯುವವನು ಕೊಡುವ ವಿಳಾಸ ಅದು. ಒಂದೂಕಾಲು ಇಂಚು ಗಿಡ್ಡ ಕಾಲಿನಲ್ಲಿ.

ದೀಪಾವಳಿ ಸಂಚಿಕೆ ಮುಗಿಯಿತು. ತಿದ್ದಿ ಬರೆಯುವುದಾದರೆ ಯುಗಾದಿಗೆ ನೋಡೋಣ. ಬರೆಯದಿದ್ದರೂ ಒಂದು ಸಹಾಯ ಮಾಡಿ. ಜೆರಾಕ್ಸಿನಲ್ಲಿ ಆ ಅಂಚೆ ಕಚೇರಿಯ ಊರಿನ ಹೆಸರು ಮಸುಕಾಗಿದೆ, ‘ವ’ ಶಬ್ದದಿಂದ ಶುರುವಾಗುತ್ತದೆ ಅನಿಸುತ್ತದೆ. ಸ್ಕ್ಯಾನ್ ದೊಡ್ಡದು ಮಾಡಿ ನೋಡಿ ತಿಳಿಸಿ.

ಇಂತಿ,
ಸಂಪಾದಕ