ಬೆಳ್ಳಿ ರೂಪಾಯಿಯ ಬಣ್ಣ ಅಸಲಿನಾ?

ಪ್ರಶ್ನೆ: ಸರ್, ತಾತನ ಟ್ರಂಕಲ್ಲಿ 1918ರ ಐದನೇ ಜಾರ್ಜ್ ಬೆಳ್ಳಿ ರೂಪಾಯಿ ಸಿಕ್ತು, ಅಂಚಲ್ಲಿ ಹೊಂಬಣ್ಣ, ನೀಲಿ ಇದೆ. ಆನ್‌ಲೈನಲ್ಲಿ ಒಬ್ರು ಪೂರ್ತಿ ಕಾಮನಬಿಲ್ಲಿನ ಥರ ಇರೋದನ್ನ ಮೂರು ಪಟ್ಟು ರೇಟಿಗೆ ಮಾರ್ತಿದಾರೆ, ತಗೋಬಹುದಾ?

ಉತ್ತರ: ನಿಮ್ಮದನ್ನ ದಯವಿಟ್ಟು ಹುಣಸೆಹಣ್ಣು, ಪೇಸ್ಟ್ ಹಾಕಿ ಉಜ್ಜಬೇಡಿ! ಆ ರೂಪಾಯಲ್ಲಿ 91.7% ಬೆಳ್ಳಿ ಇರತ್ತೆ, ಗಾಳಿ, ಹಳೇ ಕಾಗದ, ರಟ್ಟಲ್ಲಿರೋ ಗಂಧಕ ತಾಗಿ ಮೇಲೆ ಬೆಳ್ಳಿ ಸಲ್ಫೈಡಿನ ತೆಳು ಪದರ ಕೂರತ್ತೆ, ಅದು ದಪ್ಪ ಆಗ್ತಾ ಹೋದಂಗೆ ಮೊದ್ಲು ಹಳದಿ, ಆಮೇಲೆ ಕೆಂಪು-ನೇರಳೆ, ಆಮೇಲೆ ನೀಲಿ ಕಾಣ್ಸತ್ತೆ. ಸಹಜವಾಗಿ ಬಂದಿದ್ರೆ ಒಂದು ಬಣ್ಣ ಇನ್ನೊಂದರೊಳಗೆ ಮೆಲ್ಲಗೆ ಕರಗಿರತ್ತೆ, ಅಡಿಯಲ್ಲಿ ಟಂಕಸಾಲೆಯ ಹೊಳಪು, ಅಂದ್ರೆ ಅಚ್ಚು ಹಾಕಿದಾಗಿನ ಹೊಳಪು, ಇನ್ನೂ ಇರತ್ತೆ.

ಬೇಯಿಸಿದ ಮೊಟ್ಟೆ ಜೊತೆ ಡಬ್ಬೀಲಿಟ್ಟೋ, ಗಂಧಕದ ದ್ರಾವಣದಲ್ಲಿ ಅದ್ದಿಯೋ, ಬಿಸಿ ಮಾಡಿಯೋ ಬರ್ಸಿದ ಬಣ್ಣ ಬಹಳ ಸಲ ಎದ್ದು ಹೊಡೆಯತ್ತೆ, ಮೇಲೆ ತೇಲ್ತಿರೋ ಹಂಗೆ. ಲೆನ್ಸ್ ಹಿಡಿದು ರಾಜನ ಕೆನ್ನೆ ಮೇಲಿನ ಗೀರು ನೋಡಿ, ಹಿಂದೆ ಉಜ್ಜಿದ ಗೆರೆಗಳೊಳಗೂ ಅದೇ ಢಾಳಾದ ನೀಲಿ ತುಂಬ್ಕೊಂಡಿದ್ರೆ, ಅಂದ್ರೆ ಉಜ್ಜಿದ ಮೇಲೆ ಬಣ್ಣ ಬಂದಿದ್ರೆ, ನಂಗಂತೂ ಅನುಮಾನನೇ. ಬರೀ ಫೋಟೋ ನೋಡಿ ಮೂರು ಪಟ್ಟು ದುಡ್ಡು ಖಂಡಿತ ಕೊಡಬೇಡಿ, ನಾಣ್ಯ ಕೈಗೆ ತಗೊಂಡು ಬೆಳಕಲ್ಲಿ ತಿರುಗ್ಸಿ ನೋಡಿ. ನಿಮ್ಮದನ್ನ ಪಿವಿಸಿ ಅನ್ನೋ ಮೆತ್ತನೆ ಪ್ಲಾಸ್ಟಿಕ್ ಕವರಲ್ಲಿ ಇಡಲೇಬೇಡಿ, ಹಸಿರು ಅಂಟು ಕೂರತ್ತೆ.