ಚೀಲದಲ್ಲಿ ಎಷ್ಟು ಹಿಡಿಸುತ್ತದೆ?

ಪ್ರಶ್ನೆ: ಗೆಳೆಯರ ಜೊತೆ ಸೇರಿ ಒಂದು ಆನ್‌ಲೈನ್ ಗೇಮ್ ಮಾಡುತ್ತಿದ್ದೇನೆ. ಕತ್ತಿಗೆ ಇಷ್ಟು, ಕಬ್ಬಿಣಕ್ಕೆ ಇಷ್ಟು ಅಂತ ನಾವು ಬೆಲೆ ಬರೆಯುವುದಿಲ್ಲ. ಆಟದ ಲೋಕದಲ್ಲಿ ಸರಕು ಹೊಸದಾಗಿ ಹುಟ್ಟುವುದೂ ಇಲ್ಲ, ಇಲ್ಲವಾಗುವುದೂ ಇಲ್ಲ. ಇಷ್ಟು ನಿಯಮ ಹಾಕಿದರೆ ಮಾರುಕಟ್ಟೆ ತಾನಾಗಿ ಬೆಳೆಯುತ್ತದೆ ಅಲ್ವಾ?
– ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೆಲೆ ಬರೆಯಬೇಡಿ, ಒಳ್ಳೆಯದೇ. ಆದರೆ ಸರಕು ಹುಟ್ಟದ, ಇಲ್ಲವಾಗದ ನಿಯಮ ಒಂದನ್ನೇ ನಂಬಬೇಡಿ. 1997ರಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್' ಎಂಬ ಗೇಮ್ ಇದನ್ನೇ ಮಾಡಿತ್ತು. ವಸ್ತು ಹಾಳಾದರೆ ಮಾತ್ರ ಅದರ ಪಾಲು ಗಣಿಗೋ ಕುರಿಯ ಉಣ್ಣೆಗೋ ವಾಪಸ್. ಆಟಗಾರರು ಎಲ್ಲವನ್ನೂ ಮನೆಯಲ್ಲಿ ಪೇರಿಸಿಟ್ಟರು, ಚಕ್ರ ನಿಂತೇಹೋಯಿತು. ಕೊನೆಗೆ ಸರಕು ಹೊಸದಾಗಿ ಹುಟ್ಟಲು ಬಿಡಬೇಕಾಯಿತು.

ಹೊಸಬರ ಗೇಮ್ ನೋಡುವಾಗ ನಾನು ಮೊದಲು ಕೇಳುವುದು, ಚೀಲದಲ್ಲಿ ಎಷ್ಟು ಹಿಡಿಸುತ್ತದೆ ಅಂತ. ಬೆಟ್ಟದಷ್ಟು ಅದಿರು ಜೇಬಿಗೆ ಇಳಿಯುವುದಾದರೆ ವ್ಯಾಪಾರಿಗೆ ಅಲ್ಲಿ ಕೆಲಸವೇ ಇಲ್ಲ.

ಎರಡೇ ಜಾಗ ಇಟ್ಟು ನೋಡಿ. ಒಂದು ಕಡೆ ಅದಿರು, ದೂರದಲ್ಲಿ ಕಾಡು. ಕಬ್ಬಿಣ ಕರಗಿಸಲು ಇದ್ದಿಲು ರಾಶಿಗಟ್ಟಲೆ ಬೇಕು. ಆದರೆ ಇದ್ದಿಲು ಗಾಡಿಯಲ್ಲಿ ಕುಲುಕಿ ಪುಡಿಯಾಗುತ್ತದೆ. ಈ ಎರಡನ್ನೂ ಕೋಡ್‌ನಲ್ಲಿ ಬರೆಯಿರಿ, ಸಾಕು. ಅದಿರನ್ನೇ ಕಾಡಿಗೆ ಸಾಗಿಸುವುದು ಲಾಭ ಅಂತ ಆಟಗಾರರೇ ಕಂಡುಕೊಳ್ಳುತ್ತಾರೆ. ಕಾಡಿನ ಅಂಚಿನಲ್ಲಿ ಕುಲುಮೆ ಏಳುತ್ತದೆ, ಗಾಡಿಯವನು ಬಾಡಿಗೆ ಕೇಳುತ್ತಾನೆ, ದಾರಿಯಲ್ಲಿ ಕಳ್ಳನೂ ಬರುತ್ತಾನೆ. ಮರ ಮುಗಿದ ಮೇಲೆ ಕುಲುಮೆ ಮುಂದಿನ ಕಾಡಿಗೆ ಹೋಗುತ್ತದೆ. ಇದ್ಯಾವುದನ್ನೂ ನೀವು ಬರೆದಿರುವುದಿಲ್ಲ!

ಐಸ್‌ಲ್ಯಾಂಡ್‌ನವರ ಬಾಹ್ಯಾಕಾಶದ ಗೇಮ್ 'ಈವ್ ಆನ್‌ಲೈನ್' ಆಡಿ ನೋಡಿ. ಅಲ್ಲಿ ಕೊಂಡ ಮಾಲು ಮಾರಿದವನ ನಿಲ್ದಾಣದಲ್ಲೇ ಬಿದ್ದಿರುತ್ತದೆ, ಯಾರಾದರೂ ಹೊತ್ತು ತರಬೇಕು. ಹಾಗಾಗಿ ಒಂದೇ ಬಗೆಯ ಬಾಹ್ಯಾಕಾಶ ಹಡಗಿಗೆ ಊರಿಗೊಂದು ಬೆಲೆ. 'ಜಿಟಾ' ಎಂಬ ದೊಡ್ಡ ಪೇಟೆಯನ್ನು ಆಟಗಾರರೇ ಬೆಳೆಸಿದರು. ಒಡೆದ ಹಡಗು ಒಡೆದಂತೆಯೇ. 2014ರ ಜನವರಿಯ ಒಂದು ಯುದ್ಧದಲ್ಲಿ ಅತಿ ದೊಡ್ಡ ಜಾತಿಯ 75 ಹಡಗುಗಳು ಹೋದವು. ಒಂದೊಂದನ್ನೂ ಆಟಗಾರರು ಅಗೆದ ಖನಿಜದಿಂದಲೇ ಕಟ್ಟಿದ್ದರು. ಮತ್ತೆ ಕಟ್ಟಬೇಕೆಂದರೆ ಮತ್ತೆ ಅಗೆಯಬೇಕು. ಬೇಡಿಕೆ ಹುಟ್ಟುವುದು ಹೀಗೆ. ನಿಮ್ಮ ಕತ್ತಿಯೂ ಸವೆಯಲಿ.

ಇನ್ನೊಂದು. ಎಷ್ಟು ತಂದರೂ ಕೊಳ್ಳುವ, ಕಂಪ್ಯೂಟರೇ ಆಡಿಸುವ ಅಂಗಡಿಯವನು ನಿಮ್ಮ ಆಟದಲ್ಲಿದ್ದರೆ ಈಗಲೇ ತೆಗೆದುಹಾಕಿ. ಅವನು ಕೊಡುವ ದರಕ್ಕಿಂತ ಕಡಿಮೆಗೆ ಯಾರೂ ಮಾರುವುದಿಲ್ಲ. ಅಂದರೆ ಹಿಂಬಾಗಿಲಿನಿಂದ ನೀವೇ ಬೆಲೆ ಬರೆದಂತೆ.